ಸಂಪಾದಕರ ಉತ್ತರ: ಸಿಇಟಿಯಲ್ಲಿ 94, ಜೆಇಇಯಲ್ಲಿ 88.6, ಯಾವುದನ್ನು ನಂಬುವುದು?

ದಾವಣಗೆರೆಯ ಓದುಗರೊಬ್ಬರ ಪತ್ರ: "ಮಗಳಿಗೆ 2025ರ ದ್ವಿತೀಯ ಪಿಯುಸಿಯಲ್ಲಿ ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಮೂರೂ ಸೇರಿ 300ಕ್ಕೆ 276 ಬಂದಿದೆ. ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಮಾತ್ರ 180ಕ್ಕೆ 94. ರಾಷ್ಟ್ರಮಟ್ಟದ ಜೆಇಇ ಮೇನ್‌ನಲ್ಲಿ 88.6. ಅಷ್ಟು ಕಷ್ಟದ ಪರೀಕ್ಷೆಯಲ್ಲಿ 88 ತೆಗೆದವಳು ಸಿಇಟಿಯಲ್ಲಿ 52 ಪರ್ಸೆಂಟಿಗೆ ಇಳಿದದ್ದು ಹೇಗೆ? ಪಕ್ಕದ ಮನೆಯ ಹುಡುಗನಿಗೆ ಸಿಇಟಿಯಲ್ಲಿ 110, ಪಿಯುಸಿಯಲ್ಲಿ 231. ಆದರೂ ರ‍್ಯಾಂಕಿನಲ್ಲಿ ಅವನು ಇವಳಿಗಿಂತ ಹಿಂದಿದ್ದಾನೆ. ಎಲ್ಲೋ ಎಡವಟ್ಟಾಗಿದೆಯೇ? ದೂರು ಕೊಡಬೇಕೇ?"

ದೂರು ಬೇಡ, ಲೆಕ್ಕ ಸರಿಯಾಗಿಯೇ ಇದೆ. ನೀವು ಮೂರು ಬೇರೆ ಬೇರೆ ಅಳತೆಯ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದ್ದೀರಿ, ಗೊಂದಲ ಅಲ್ಲಿಂದ ಹುಟ್ಟಿದೆ.

ಮೊದಲು ಪಕ್ಕದ ಮನೆಯ ಹುಡುಗನ ವಿಷಯ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಪಿಸಿಎಂ ಅಂಕ ಇನ್ನರ್ಧ. 300ಕ್ಕೆ ಬಂದ ಪಿಯುಸಿ ಅಂಕವನ್ನು 50ಕ್ಕೆ ಇಳಿಸುತ್ತಾರೆ, 180ಕ್ಕೆ ಬಂದ ಸಿಇಟಿ ಅಂಕವನ್ನೂ 50ಕ್ಕೆ ಇಳಿಸಿ ಎರಡನ್ನೂ ಕೂಡುತ್ತಾರೆ. ನಿಮ್ಮ ಮಗಳ 276 ಅಂದರೆ 46, 94 ಅಂದರೆ 26.11, ಒಟ್ಟು 72.11. ಆ ಹುಡುಗನ 231ಕ್ಕೆ 38.5, 110ಕ್ಕೆ 30.56, ಒಟ್ಟು 69.06. ಸಿಇಟಿಯಲ್ಲಿ 16 ಅಂಕ ಹೆಚ್ಚು ತೆಗೆದು ಅವನು ಗಳಿಸಿದ್ದು 4.44. ಪಿಯುಸಿಯಲ್ಲಿ 45 ಅಂಕ ಕಡಿಮೆಯಾಗಿ ಕಳೆದುಕೊಂಡಿದ್ದು 7.5. ನೆನಪಿಗೆ ಸುಲಭವಾಗುವಂತೆ ಹೇಳುವುದಾದರೆ, ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ಪಿಯುಸಿ ಪಾಸಾದರೆ ಸಾಕು, ಉಳಿದದ್ದು ಸಿಇಟಿ ನೋಡಿಕೊಳ್ಳುತ್ತದೆ ಎಂಬ ಮಾತನ್ನು ಇನ್ನೂ ನಂಬುವವರಿದ್ದಾರೆ. ಅಂಥವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಇನ್ನು 94. ಇದನ್ನು ಶೇ. 52 ಎಂದು ಓದಿ ಬೇಸರಪಡುವುದರಲ್ಲಿ ಅರ್ಥವಿಲ್ಲ. ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಅಂದರೆ ಪ್ರಶ್ನೆಗೆ 80 ಸೆಕೆಂಡು. ಪಿಯುಸಿಯಲ್ಲಿ ಹಂತಕ್ಕೊಂದು ಅಂಕ ಸಿಗುತ್ತದೆ, ಪ್ರಾಯೋಗಿಕ ಪರೀಕ್ಷೆಯ, ಆಂತರಿಕ ಮೌಲ್ಯಮಾಪನದ ಅಂಕವೂ ಸೇರುತ್ತದೆ. ಇಲ್ಲಿ ಕೊನೆಯ ಉತ್ತರ ಸರಿಯಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಪಿಯುಸಿಯಲ್ಲಿ ಶೇ. 90ರ ಮೇಲಿದ್ದವರು ಸಿಇಟಿಯಲ್ಲಿ ಶೇ. 50ರ ಆಸುಪಾಸಿಗೆ ಬರುವುದು ಅಪರೂಪವಲ್ಲ.

ಇನ್ನೊಂದು ಸೂಕ್ಷ್ಮವಿದೆ. ಸಿಇಟಿಯಲ್ಲಿ ಋಣಾತ್ಮಕ ಅಂಕ ಇಲ್ಲ, ಹಾಗಾಗಿ ಗೊತ್ತಿಲ್ಲದ ಪ್ರಶ್ನೆಗೂ ಎಲ್ಲರೂ ಉತ್ತರದ ಹಾಳೆಯಲ್ಲಿ (ಒಎಂಆರ್) ಒಂದು ವೃತ್ತ ತುಂಬಿಯೇ ಬರುತ್ತಾರೆ. ಪ್ರಶ್ನೆಪತ್ರಿಕೆ ಓದದೆ ಕಣ್ಣುಮುಚ್ಚಿ ತುಂಬಿದರೂ ನಾಲ್ಕರಲ್ಲಿ ಒಂದರಂತೆ ಸರಾಸರಿ 45 ಬರಬೇಕು. ಈ ಲೆಕ್ಕದಲ್ಲಿ 94 ತೆಗೆದವಳಿಗೆ ಖಚಿತವಾಗಿ ಗೊತ್ತಿದ್ದದ್ದು ಸುಮಾರು 65 ಪ್ರಶ್ನೆ. ಉಳಿದ 115ರಲ್ಲಿ 29ರಷ್ಟು ಅದೃಷ್ಟದಿಂದ ಬಂದಿವೆ. ಆ ಅದೃಷ್ಟ ಐದು ಅಂಕ ಅತ್ತ ಇತ್ತ ಆಗುವುದು ತೀರಾ ಸಹಜ. ಐದು ಅಂಕ ಎಂದರೆ ಒಟ್ಟು ಲೆಕ್ಕದಲ್ಲಿ 1.39. ಆದ್ದರಿಂದ ನಾಲ್ಕೈದು ಅಂಕ ಹೆಚ್ಚು ಬಂದ ಗೆಳತಿ ನಿಮ್ಮ ಮಗಳಿಗಿಂತ ಜಾಣೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸೀಟು ಹಂಚುವಾಗ ಆ ನಾಲ್ಕೈದು ಅಂಕಕ್ಕೂ ಬೆಲೆ ಇದೆ, ಅದು ಬೇರೆ ಮಾತು.

ಹಿಂದಿನ ವರ್ಷ ಸಿಇಟಿ ಬರೆದವರ ಅಂಕದ ಜೊತೆಗೂ ಹೋಲಿಸಬೇಡಿ. 2024ರಲ್ಲಿ ಪಠ್ಯದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಡಲಾಯಿತು. ಆ ವರ್ಷದ ಅಂಕಕ್ಕೂ 2025ರ ಅಂಕಕ್ಕೂ ನಂಟಿಲ್ಲ.

ಜೆಇಇಯ 88.6 ಅಂಕವೇ ಅಲ್ಲ. ನಿಮ್ಮ ಮಗಳು ಬರೆದ ಪಾಳಿಯಲ್ಲಿ ನೂರಕ್ಕೆ 88.6 ಮಂದಿ ಅವಳಷ್ಟೇ ಅಥವಾ ಅವಳಿಗಿಂತ ಕಡಿಮೆ ಅಂಕ ತೆಗೆದಿದ್ದಾರೆ ಎಂದಷ್ಟೇ ಅದರ ಅರ್ಥ. ಪಾಳಿಗೊಂದು ಪ್ರಶ್ನೆಪತ್ರಿಕೆ ಇರುವುದರಿಂದ ಈ ಪರ್ಸೆಂಟೈಲನ್ನು ಆಯಾ ಪಾಳಿಯೊಳಗೇ ಲೆಕ್ಕಹಾಕುತ್ತಾರೆ. ಕಷ್ಟದ ಪಾಳಿಯಲ್ಲಿ ಕಡಿಮೆ ಅಂಕಕ್ಕೂ ಅದೇ ಪರ್ಸೆಂಟೈಲ್ ಸಿಗುತ್ತದೆ. ಇದನ್ನು ರ‍್ಯಾಂಕಿಗೆ ತಿರುಗಿಸಲು ನೂರರಿಂದ ಕಳೆಯಿರಿ: 11.4. 2025ರಲ್ಲಿ ಎರಡೂ ಸುತ್ತು ಸೇರಿ ಬರೆದವರು ಸುಮಾರು 14.75 ಲಕ್ಷ. ಅದರ ಶೇ. 11.4 ಎಂದರೆ 1.68 ಲಕ್ಷದ ಆಸುಪಾಸು. ಕೋಚಿಂಗ್‌ನವರ ಫ್ಲೆಕ್ಸ್‌ಗಳಲ್ಲಿ 88 ಎಂದು ದಪ್ಪಕ್ಷರದಲ್ಲಿ ಬರೆದರೆ ಚೆಂದ ಕಾಣುತ್ತದೆ. 1,68,000 ಎಂದು ಯಾರೂ ಬರೆಯುವುದಿಲ್ಲ.

ಜೆಇಇ ಮೇನ್ ಮೂಲಕ ಸೀಟು ಕೊಡುವ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ (ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ) ಅರ್ಧ ಸೀಟು ನಮ್ಮ ರಾಜ್ಯದವರಿಗೇ ಇದ್ದರೂ ಸಾಮಾನ್ಯ ವರ್ಗದಲ್ಲಿ ಈ ರ‍್ಯಾಂಕ್ ಅಲ್ಲಿಗೆ ಮುಟ್ಟುವುದಿಲ್ಲ. ನಿಮ್ಮ ಪ್ರವರ್ಗ ಯಾವುದೆಂದು ಪತ್ರದಲ್ಲಿಲ್ಲ. ಐಐಟಿ ಪ್ರವೇಶದ 2025ರ ಜೆಇಇ ಅಡ್ವಾನ್ಸ್‌ಡ್ ಪರೀಕ್ಷೆ ಬರೆಯುವ ಅರ್ಹತೆಗೆ ಸಾಮಾನ್ಯ ವರ್ಗಕ್ಕೆ 93.10 ಬೇಕಿದ್ದರೆ ಒಬಿಸಿಗೆ 79.43 ಸಾಕಾಗಿತ್ತು, ಅಷ್ಟು ಅಂತರವಿದೆ. ಆದರೆ ರಾಜ್ಯದ 2ಎ, 3ಬಿ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿಯ ಹೆಸರಿದೆಯೇ ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಮಾಡಿಸಬೇಕು.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವ ಗಟ್ಟಿ ಸಂಖ್ಯೆ ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕ್. ಫಲಿತಾಂಶದ ಹಾಳೆಯಲ್ಲಿ ಕೃಷಿ, ಪಶುವೈದ್ಯ, ಫಾರ್ಮಸಿ ರ‍್ಯಾಂಕ್‌ಗಳೂ ಇರಬಹುದು, ಕಣ್ತಪ್ಪಿನಿಂದ ಬೇರೆ ಸಾಲು ಓದಬೇಡಿ. ಅದರಲ್ಲಿ ನಮೂದಾದ ಪಿಯುಸಿ ಅಂಕ 276 ಹೌದೇ ಎಂದು ತಾಳೆ ನೋಡಿ. ಅನುಮಾನ ಉಳಿದರೆ ಒಎಂಆರ್ ಹಾಳೆಯ ಪ್ರತಿಯನ್ನು ಅಂತಿಮ ಕೀ ಉತ್ತರದ ಜೊತೆ ಹಿಡಿದು 94 ಬರುತ್ತದೆಯೇ ಎಂದು ಮನೆಯಲ್ಲೇ ಎಣಿಸಬಹುದು.

ಆಮೇಲೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪ್ರಕಟಿಸಿದ ಹಿಂದಿನ ವರ್ಷದ ಕಟ್‌ಆಫ್, ಅಂದರೆ ಕೊನೆಯ ಸೀಟು ಯಾವ ರ‍್ಯಾಂಕಿಗೆ ಸಿಕ್ಕಿತೆಂಬ ಪಟ್ಟಿ, ತೆರೆಯಿರಿ. ಹೆಚ್ಚಿನವರು ಜಿಎಂ (ಸಾಮಾನ್ಯ ವರ್ಗ) ಕಾಲಂ ನೋಡಿ ಮುಚ್ಚಿಬಿಡುತ್ತಾರೆ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದ್ದರೆ 'ಆರ್' ಇರುವ ಕಾಲಂ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ 'ಕೆ' ಇರುವ ಕಾಲಂ ನಿಮ್ಮದು. ಮೊದಲ ಸುತ್ತಿನದಷ್ಟೇ ಅಲ್ಲ, ಕೊನೆಯ ಸುತ್ತಿನ ಪಟ್ಟಿಯನ್ನೂ ನೋಡಿ, ಅಷ್ಟರಲ್ಲಿ ಕಟ್‌ಆಫ್ ಸಾಕಷ್ಟು ಸಡಿಲವಾಗಿರುತ್ತದೆ.

ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿಯಲ್ಲಿ ಅವುಗಳನ್ನು ಸಿಗುವ ಸಾಧ್ಯತೆಯ ಕ್ರಮದಲ್ಲಿ ಜೋಡಿಸಬೇಡಿ, ಇಷ್ಟದ ಕ್ರಮದಲ್ಲಿ ಜೋಡಿಸಿ. ಸಿಗದ ಸೀಟು ಮೇಲಿದ್ದರೆ ಯಂತ್ರ ಅದನ್ನು ದಾಟಿ ಕೆಳಗಿನದನ್ನು ಕೊಡುತ್ತದೆ. ಕಡಿಮೆ ಇಷ್ಟದ ಕಾಲೇಜು ಮೇಲಿದ್ದು ಸೀಟು ಅಲ್ಲೇ ಸಿಕ್ಕರೆ ಕೆಳಗಿನ ಒಳ್ಳೆಯ ಕಾಲೇಜು ಕೈತಪ್ಪುತ್ತದೆ. ಅಣಕು ಹಂಚಿಕೆ ಬಂದಾಗ ಈ ಕ್ರಮವನ್ನು ತಿದ್ದಲು ಅವಕಾಶವಿರುತ್ತದೆ.