ಸೆಕೆಂಡ್ ಹ್ಯಾಂಡ್ ಡ್ಯಾಕ್ ಕೊಳ್ಳುವಾಗ ಚಿಪ್ಪಿಗಿಂತ ಮೊದಲು ಅಡಾಪ್ಟರ್ ನೋಡಿ

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೆಯ ಸ್ಟೀರಿಯೋ ಆಂಪ್ಲಿಫೈಯರ್, ಒಂದು ಜೊತೆ ಸಣ್ಣ ಸ್ಪೀಕರ್ ಇವೆ. ಲ್ಯಾಪ್‌ಟಾಪಿನ ಹೆಡ್‌ಫೋನ್ ಪಿನ್ನಿನಿಂದ ಹಾಡು ಹಾಕಿದರೆ ಹಿಂದೆ ಚರಚರ ಸದ್ದು, ಮೌಸ್ ಆಡಿಸಿದರೂ ಕೇಳಿಸುತ್ತದೆ. ಪರಿಚಿತರೊಬ್ಬರು ಕೇಂಬ್ರಿಜ್ ಆಡಿಯೋ ಕಂಪನಿಯ ಹಳೆಯ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಸಂಕೇತವಾಗಿಸುವ ಪೆಟ್ಟಿಗೆ), ಹೆಸರು ಡ್ಯಾಕ್‌ಮ್ಯಾಜಿಕ್ (ವುಲ್ಫ್‌ಸನ್ ಚಿಪ್ ಇರುವುದು), 7,000 ರೂಪಾಯಿಗೆ ಕೊಡುತ್ತಾರಂತೆ. ಕೊಳ್ಳಬಹುದೇ? ಆಮೇಲೆ ಅದರೊಳಗಿನ ಆಪ್‌ಆಂಪ್ (ಸಂಕೇತವನ್ನು ವರ್ಧಿಸುವ ಪುಟ್ಟ ಚಿಪ್), ಕೆಪ್ಯಾಸಿಟರ್ ಬದಲಿಸಿದರೆ ಧ್ವನಿ ಇನ್ನೂ ಸುಧಾರಿಸುತ್ತದೆಯೇ? ಟಿವಿಯನ್ನೂ ಸೇರಿಸುವ ಆಸೆಯಿದೆ. ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ, ಅದರಲ್ಲೂ ಹಳೆಯ ರೇಡಿಯೋ ಧ್ವನಿಮುದ್ರಣಗಳು.
— ಧಾರವಾಡದ ಓದುಗರು

ಉತ್ತರ: ದುಡ್ಡು ಕೊಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹಾಡು ಹಾಕಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತುಬಿಡಿ. ಚರಚರ ನಿಂತುಹೋದರೆ ಅದು ಚಾರ್ಜರಿನ ಅರ್ಥಿಂಗ್ ದಾರಿಯಿಂದ ಬರುತ್ತಿರುವ ಸದ್ದು. ಯುಎಸ್‌ಬಿ ಕೇಬಲ್ಲಿನಲ್ಲೂ ಗ್ರೌಂಡ್ ತಂತಿ ಇರುವುದರಿಂದ ಡ್ಯಾಕ್ ತಂದ ಮೇಲೂ ಅದು ಹಿಂದೆಯೇ ಬರಬಹುದು. ಚಾರ್ಜರ್ ಕಿತ್ತರೂ ಸದ್ದು ನಿಲ್ಲದಿದ್ದರೆ ತಪ್ಪು ಲ್ಯಾಪ್‌ಟಾಪಿನ ಒಳಗೇ ಇರುವ ಸಾಧ್ಯತೆ ಹೆಚ್ಚು. ಆಗ ಹೊರಗಿನ ಡ್ಯಾಕ್ ನಿಜಕ್ಕೂ ಉಪಕಾರಕ್ಕೆ ಬರುತ್ತದೆ. ಟಿವಿಯದು ಸುಲಭ. ಆಪ್ಟಿಕಲ್ ಕೇಬಲ್ಲಿನಲ್ಲಿ ಹೋಗುವುದು ಬೆಳಕು, ಅದರ ಜೊತೆ ಕರೆಂಟಿನ ಗಲಾಟೆ ಬರುವುದಿಲ್ಲ. ಟಿವಿಯ ಸೆಟ್ಟಿಂಗಿನಲ್ಲಿ ಆಡಿಯೋ ಔಟ್‌ಪುಟ್ ‘ಪಿಸಿಎಂ’ (ಸಂಕುಚಿಸದ ಸಾದಾ ಡಿಜಿಟಲ್ ಧ್ವನಿ) ಎಂದಿರಲಿ. ಡಾಲ್ಬಿ ಎಂದಿದ್ದರೆ ಈ ಡ್ಯಾಕಿಗೆ ಅದು ಅರ್ಥವಾಗದು.

ನಿಮ್ಮ ಡ್ಯಾಕ್‌ಮ್ಯಾಜಿಕ್ ಹದಿನೈದು ವರ್ಷ ದಾಟಿದ ಪೆಟ್ಟಿಗೆ. ಅದರ ಯುಎಸ್‌ಬಿ 16 ಬಿಟ್ (ಧ್ವನಿಯ ಮಟ್ಟವನ್ನು ಅಳೆಯುವ ಸೂಕ್ಷ್ಮತೆ), 48 ಕಿಲೋಹರ್ಟ್ಸ್‌ಗಿಂತ (ಸೆಕೆಂಡಿಗೆ ಅಳೆಯುವ ಸಾವಿರಗಳ ಲೆಕ್ಕ) ಮೇಲೆ ಹೋಗುವುದಿಲ್ಲ. ಅಷ್ಟಕ್ಕೇ ಅನೇಕರು ಮೂಗು ಮುರಿಯುತ್ತಾರೆ. ನೀವು ಮುರಿಯಬೇಕಿಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯೂ 16 ಬಿಟ್‌ನದೇ. ಅತಿ ಮೆಲ್ಲನೆಯ ಧ್ವನಿಯಿಂದ ಅತಿ ಜೋರಿನವರೆಗೆ ಅದರ ವ್ಯಾಪ್ತಿ ಸುಮಾರು 96 ಡೆಸಿಬೆಲ್. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಟೇಪಿನಲ್ಲಿ ತಂಬೂರಿಯ ಕೆಳಗೆ ಕೇಳುವ ‘ಸ್ಸ್’ ಇದೆಯಲ್ಲ, ಅದು 16 ಬಿಟ್‌ನ ತಳಕ್ಕಿಂತ ಎಷ್ಟೋ ಮೇಲಿರುತ್ತದೆ. 24 ಬಿಟ್ ಕೊಟ್ಟರೂ ಆ ಟೇಪಿನಲ್ಲಿ ಹೊಸದಾಗಿ ಸಿಗುವುದೇನೂ ಇಲ್ಲ. ಹಳೆಯ ಯುಎಸ್‌ಬಿಯಿಂದ ಒಂದು ಲಾಭವೂ ಇದೆ: ಡ್ರೈವರ್ ಹಾಕುವ ತಲೆನೋವಿಲ್ಲ, ಚುಚ್ಚಿದರೆ ನಡೆಯುತ್ತದೆ. ವಿಂಡೋಸ್ XPಯ ಕಾಲದ ಸ್ವಂತ ಡ್ರೈವರನ್ನೇ ನಂಬಿದ ಬೇರೆ ಡ್ಯಾಕ್‌ಗಳು ಇಂದಿನ ಲ್ಯಾಪ್‌ಟಾಪಿನಲ್ಲಿ ಎದ್ದೇಳದೆ ಕೂರುವುದುಂಟು. ಜಾಹೀರಾತಿನಲ್ಲಿ ‘ಎಂಕ್ಯೂಎ (ಒಂದು ಬಗೆಯ ಡಿಜಿಟಲ್ ಹಾಡಿನ ಫಾರ್ಮ್ಯಾಟ್) ಇದೆ’ ಎಂದು ಬೆಲೆ ಏರಿಸಿದವರಿಗೂ ಹೆಚ್ಚು ಕೊಡಬೇಡಿ. ಅದನ್ನು ಎತ್ತಿ ಹಿಡಿದಿದ್ದ ಟೈಡಲ್ ಎಂಬ ಹಾಡಿನ ಸ್ಟ್ರೀಮಿಂಗ್ ಸೇವೆಯೇ 2024ರಲ್ಲಿ ಅದನ್ನು ಬಿಟ್ಟಿತು.

ಈಗ ಅಡಾಪ್ಟರ್ ವಿಷಯ. ಈ ಡ್ಯಾಕಿಗೆ ಬೇಕಾದದ್ದು 12 ವೋಲ್ಟ್ ಎಸಿ. ಸಾಮಾನ್ಯವಾಗಿ ಕೈಗೆ ಸಿಗುವುದು 12 ವೋಲ್ಟ್ ಡಿಸಿ, ರೂಟರಿನದೋ ಸೆಟ್‌ಟಾಪ್ ಬಾಕ್ಸಿನದೋ. ಪಿನ್ ಹೊಂದುತ್ತದೆಂದು ಅದನ್ನು ಚುಚ್ಚಬೇಡಿ. ಅಡಾಪ್ಟರಿನ ಬೆನ್ನಿನ ಚೀಟಿಯಲ್ಲಿ ‘ಔಟ್‌ಪುಟ್’ ಸಾಲನ್ನು ಓದಿ: ಅಲೆಯಂಥ ಒಂದು ಗೆರೆಯಿದ್ದರೆ ಎಸಿ, ನೇರ ಗೆರೆಯ ಕೆಳಗೆ ತುಂಡು ಗೆರೆಗಳಿದ್ದರೆ ಡಿಸಿ. ‘ಇನ್‌ಪುಟ್’ 230 ವೋಲ್ಟ್ ಇದೆಯೇ ಎಂದೂ ನೋಡಿ. ಅಮೆರಿಕದಿಂದ ಬಂದ ಪೆಟ್ಟಿಗೆಯ ಅಡಾಪ್ಟರ್ ನಮ್ಮ ಪ್ಲಗ್ಗಿನಲ್ಲಿ ಸುಟ್ಟೇ ಹೋಗುತ್ತದೆ. ಮೂಲ ಅಡಾಪ್ಟರ್ ಇಲ್ಲವೆಂದರೆ ಬೆಲೆ ಇಳಿಸಲು ಅದೊಂದೇ ಕಾರಣ ಸಾಕು.

ಮಾರುವವರ ಮನೆಯಲ್ಲಿ ಕನಿಷ್ಠ ಒಂದು ಗಂಟೆ ಓಡಿಸಿ ಕೇಳಿ. ಐದು ನಿಮಿಷ ಕೇಳಿ ತಂದ ನನ್ನದೊಂದು ಹಳೆಯ ಡ್ಯಾಕ್, ಬಿಸಿಯಾದ ಮೇಲೆ ಎಡಗಡೆಯ ಧ್ವನಿಯನ್ನು ನುಂಗುತ್ತಿತ್ತು. ಹಿಂದಿನ ಸಾಕೆಟ್ಟಿನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಆದ್ದರಿಂದ ಹಾಡು ನಡೆಯುತ್ತಿರುವಾಗ ಹಿಂದಿನ ಪಿನ್‌ಗಳನ್ನು ಒಂದೊಂದಾಗಿ ಮೆಲ್ಲಗೆ ಅಲುಗಿಸಿ. ಯುಎಸ್‌ಬಿ, ಆಪ್ಟಿಕಲ್, ಕೊಆಕ್ಸಿಯಲ್ ಮೂರನ್ನೂ ಪರೀಕ್ಷಿಸಿ. ತಂಬೂರಿ ಒಂದೇ ನುಡಿಯುವ ಭಾಗ ಹಾಕಿ, ಎರಡೂ ಕಡೆ ಒಂದೇ ಸಮ ಕೇಳುತ್ತಿದೆಯೇ ಗಮನಿಸಿ.

ಆಪ್‌ಆಂಪ್ ಬದಲಿಸುವ ಮಾತಿಗೆ ನನ್ನ ಉತ್ತರ ಬೇಡ ಎಂದೇ. ವೇಗದ ಆಪ್‌ಆಂಪನ್ನು ಅದಕ್ಕೆಂದು ರೂಪಿಸದ ಬೋರ್ಡಿನಲ್ಲಿ ಕೂರಿಸಿದರೆ ಅದು ಕಿವಿಗೆ ಕೇಳದ ಮಟ್ಟದಲ್ಲಿ ತಾನೇ ಕಂಪಿಸತೊಡಗಬಹುದು, ಬಿಸಿಯಾಗಬಹುದು. ಜನ ಅದನ್ನೇ ‘ಹೊಸ ಹೊಳಪು’ ಎಂದುಕೊಳ್ಳುವುದುಂಟು. ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್‌ಗಳ ತಲೆ ಉಬ್ಬಿದ್ದರೆ, ಕೆಳಗೆ ಕಂದು ಜಿಗುಟು ಕಂಡರೆ ಬದಲಿಸಲೇಬೇಕು. ಅದು ರಿಪೇರಿ. ಅದೇ ಮೈಕ್ರೋಫ್ಯಾರಡ್ ಮೌಲ್ಯ, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್, 105 ಡಿಗ್ರಿಯ ಗುರುತು ಇರುವುದನ್ನು ಹಾಕಿಸಿ.

ಹೊಸ ಡ್ಯಾಕ್ ಹಾಕಿದ ಕೂಡಲೇ ‘ಏನು ಬದಲಾವಣೆ!’ ಎನಿಸಿದರೆ ಸ್ವಲ್ಪ ತಡೆಯಿರಿ. ಡ್ಯಾಕಿನಿಂದ ಬರುವುದು ಸುಮಾರು 2 ವೋಲ್ಟ್, ಲ್ಯಾಪ್‌ಟಾಪಿನ ಪಿನ್ನಿನಿಂದ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಜೋರಾದದ್ದು ನಮ್ಮ ಕಿವಿಗೆ ಚೆನ್ನಾಗಿ ಕೇಳುತ್ತದೆ. ಸ್ಪೀಕರ್ ತಂತಿಗೆ ಮಲ್ಟಿಮೀಟರ್ ಹಿಡಿದು, 100 ಹರ್ಟ್ಸ್ ಟೋನಿನಲ್ಲಿ ಎರಡಕ್ಕೂ ಒಂದೇ ಎಸಿ ವೋಲ್ಟೇಜ್ ಬರುವಂತೆ ವಾಲ್ಯೂಮ್ ಹೊಂದಿಸಿ. ಯಾವುದು ಓಡುತ್ತಿದೆ ಎಂದು ಹೇಳದೆ ಮನೆಯವರೊಬ್ಬರು ಬದಲಿಸಲಿ. ಗುರುತಿಸಲು ಆಗದಿದ್ದರೆ ಮುಂದಿನ ದುಡ್ಡನ್ನು ಸ್ಪೀಕರಿಗೆ ಎತ್ತಿಡಿ.

ಅಡಾಪ್ಟರ್ ಸರಿಯಿದ್ದು, ಗಂಟೆ ಕಾಲ ತೊಡಕಿಲ್ಲದೆ ಓಡಿದರೆ 7,000ಕ್ಕೆ ಒಪ್ಪಬಹುದು. 5,500ಕ್ಕೆ ಕೇಳಿ ನೋಡಿ. ಟಿವಿಗೆ ಬೇಡ, ಲ್ಯಾಪ್‌ಟಾಪಿಗಷ್ಟೇ ಸಾಕೆಂದರೆ ಹೊಸದಾದ ಒಂದು ಅಗ್ಗದ ಯುಎಸ್‌ಬಿ ಡಾಂಗಲ್ಲಿನಿಂದಲೂ (ಪುಟ್ಟ ಡ್ಯಾಕ್) ಆ ಚರಚರ ಹೋಗಬಹುದು. ಮೊದಲು ಯಾರದಾದರೂ ಕೈಗಡ ತಂದು ನೋಡಿ.