ವಿದ್ಯಾರ್ಥಿ ಯೋಜನೆಯ ರೆಪಾಸಿಟರಿ: ಕೋಡ್‌ಗಿಂತ ಮೊದಲು ಏನು ಸೇರಬೇಕು?

ನಾಲ್ವರು ಸಹಪಾಠಿಗಳು ಸೇರಿ ಮುಕ್ತ ತಂತ್ರಾಂಶವೊಂದನ್ನು ಬರೆಯುತ್ತಿದ್ದೀರಿ, ಎಲ್ಲ ಮುಗಿದ ಮೇಲೆ ಕೋಡನ್ನು ಗಿಟ್‌ಹಬ್ ಎಂಬ ಕೋಡ್ ಹಂಚುವ ಜಾಲತಾಣಕ್ಕೆ ಏರಿಸಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ರೆಪಾಸಿಟರಿಯನ್ನು, ಅಂದರೆ ಯೋಜನೆಯ ಫೈಲ್‌ಗಳನ್ನೂ ಅವುಗಳ ಬದಲಾವಣೆಗಳ ಇತಿಹಾಸವನ್ನೂ ಇಡುವ ಸಂಗ್ರಹವನ್ನು, ಮೊದಲ ದಿನವೇ ತೆರೆಯಿರಿ. ಅದರ ಮೊದಲ ಕಮಿಟ್‌ನಲ್ಲಿ (ದಾಖಲಾಗುವ ಪ್ರತಿ ಬದಲಾವಣೆಗೂ ಕಮಿಟ್ ಎಂದು ಹೆಸರು) ಕೋಡ್ ಬೇಡ, ಮೂರು ಸಣ್ಣ ಫೈಲ್‌ಗಳಷ್ಟೇ ಇರಲಿ: ತಂತ್ರಾಂಶವನ್ನು ಪರಿಚಯಿಸಿ ನಡೆಸುವ ಬಗೆಯನ್ನು ತಿಳಿಸುವ ರೀಡ್‌ಮಿ, ಬಳಕೆಯ ಷರತ್ತುಗಳಿರುವ ಲೈಸೆನ್ಸ್ ಮತ್ತು ಯಾವ ಫೈಲ್‌ಗಳನ್ನು ಸೇರಿಸಬಾರದೆಂದು ಪಟ್ಟಿ ಮಾಡುವ ಗಿಟ್‌ಇಗ್ನೋರ್.

ಗಿಟ್‌ಇಗ್ನೋರ್‌ನ ಬೆಲೆ ನನಗೆ ತಿಳಿದದ್ದು ತಪ್ಪು ಮಾಡಿದ ಮೇಲೆ. ವಿದ್ಯಾರ್ಥಿಯಾಗಿದ್ದಾಗ ನಾನು, ಬದಲಾವಣೆಗಳನ್ನು ದಾಖಲಿಸುವ ಗಿಟ್ ತಂತ್ರಾಂಶದಲ್ಲಿ 'ಗಿಟ್ ಆ್ಯಡ್' ಎಂದು ಬರೆದು, ಮುಂದೊಂದು ಚುಕ್ಕೆಯಿಟ್ಟು (ಫೋಲ್ಡರಿನಲ್ಲಿರುವುದನ್ನೆಲ್ಲ ಸೇರಿಸು ಎಂದರ್ಥ) ಎಂಟರ್ ಒತ್ತಿದ್ದರಿಂದ, ಡೇಟಾಬೇಸ್‌ನ ಪಾಸ್‌ವರ್ಡ್ ಇದ್ದ ಫೈಲ್ ಕೂಡ ಕೋಡ್‌ನೊಡನೆ ಸೇರಿ ಸಾರ್ವಜನಿಕವಾಯಿತು. ಮರುದಿನ ಅದನ್ನು ಅಳಿಸಿ ಇನ್ನೊಂದು ಕಮಿಟ್ ಮಾಡಿ ನಿಶ್ಚಿಂತೆಯಿಂದ ಇದ್ದೆ. ಹಿರಿಯ ವಿದ್ಯಾರ್ಥಿಯೊಬ್ಬರು ಕಮಿಟ್‌ಗಳ ಇತಿಹಾಸವನ್ನು ತೆರೆದು ಹಿಂದಿನ ದಿನದ ಸಾಲನ್ನು ತೋರಿಸಿದಾಗ, ಪಾಸ್‌ವರ್ಡ್ ಕೆಂಪು ಬಣ್ಣದಲ್ಲಿ, 'ಅಳಿಸಲಾಗಿದೆ' ಎಂಬ ಗುರುತಿನೊಡನೆ, ಇನ್ನಷ್ಟು ಎದ್ದು ಕಾಣುತ್ತಿತ್ತು. ಇಂತಹ ಸಂದರ್ಭದಲ್ಲಿ ಮೊದಲು ಪಾಸ್‌ವರ್ಡನ್ನೇ ಬದಲಿಸಬೇಕು; ಇತಿಹಾಸವನ್ನು ತಿದ್ದುವ 'ಗಿಟ್ ಫಿಲ್ಟರ್-ರೆಪೊ' ಇತ್ಯಾದಿ ಆಮೇಲಿನ ಮಾತು, ಏಕೆಂದರೆ ಅಷ್ಟರಲ್ಲಿ ಯಾರು ಪ್ರತಿ ಮಾಡಿಕೊಂಡಿದ್ದಾರೋ ಹೇಳಲಾಗದು. ಒಮ್ಮೆ ಕಮಿಟ್ ಆದ ಫೈಲಿನ ಹೆಸರನ್ನು ತಡವಾಗಿ ಗಿಟ್‌ಇಗ್ನೋರ್‌ಗೆ ಸೇರಿಸಿದರೂ ಗಿಟ್ ಅದನ್ನು ಗಮನಿಸುತ್ತಲೇ ಇರುತ್ತದೆ ಎಂಬುದೂ ನೆನಪಿರಲಿ.

ಲೈಸೆನ್ಸ್ ಇಲ್ಲದ ಕೋಡ್ ಎಲ್ಲರಿಗೂ ಕಾಣಿಸಿದ ಮಾತ್ರಕ್ಕೆ ಮುಕ್ತವಾಗುವುದಿಲ್ಲ. ಕೃತಿಸ್ವಾಮ್ಯವೆಲ್ಲ ಬರೆದವರಲ್ಲೇ ಉಳಿಯುತ್ತದೆ. ಎಂಐಟಿ ಲೈಸೆನ್ಸ್ ಚಿಕ್ಕದು, ಹಕ್ಕಿನ ಸೂಚನೆಯನ್ನು ಉಳಿಸಿಕೊಂಡರೆ ಯಾರು ಬೇಕಾದರೂ ಬಳಸಬಹುದು. ಜಿಪಿಎಲ್ ಆದರೆ, ನಿಮ್ಮ ಕೋಡನ್ನು ಮಾರ್ಪಡಿಸಿ ಹಂಚುವವರು ತಮ್ಮ ಮೂಲ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕಾಗುತ್ತದೆ. ಯಾವುದಾದರೂ ಸರಿ, ಈಗಲೇ ನಾಲ್ವರೂ ಕುಳಿತು ತೀರ್ಮಾನಿಸಿ. ಮುಂದೆ ಲೈಸೆನ್ಸ್ ಬದಲಿಸಬೇಕೆಂದರೆ ಸಾಮಾನ್ಯವಾಗಿ ಕೋಡ್ ಬರೆದ ಪ್ರತಿಯೊಬ್ಬರ ಒಪ್ಪಿಗೆ ಬೇಕಾಗುತ್ತದೆ, ಓದು ಮುಗಿಸಿ ಚದುರಿಹೋದ ಗೆಳೆಯರನ್ನು ಹುಡುಕುವುದು ಸುಲಭವಲ್ಲ.

ಮುಖ್ಯ ಶಾಖೆಗೆ, ಅಂದರೆ ಎಲ್ಲರ ಕೆಲಸವೂ ಕೊನೆಗೆ ಸೇರುವ ಕೋಡ್‌ನ ಪ್ರತಿಗೆ, ಯಾರೂ ನೇರವಾಗಿ ಪುಶ್ ಮಾಡದಂತೆ (ಬದಲಾವಣೆ ಏರಿಸದಂತೆ) ಗಿಟ್‌ಹಬ್‌ನ ಸೆಟ್ಟಿಂಗ್ಸ್‌ನಲ್ಲಿ ತಡೆಯಿಟ್ಟು, ಪ್ರತಿ ಪುಲ್ ರಿಕ್ವೆಸ್ಟನ್ನೂ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಯನ್ನೂ) ಇನ್ನೊಬ್ಬರು ಓದಿ ಒಪ್ಪುವಂತೆ ಮಾಡಿ. 100 ಎಂಬಿ ಮೀರಿದ ಫೈಲನ್ನು ಗಿಟ್‌ಹಬ್ ಹೇಗೂ ತಿರಸ್ಕರಿಸುತ್ತದೆ, ಆದ್ದರಿಂದ ದತ್ತಾಂಶದ ದೊಡ್ಡ ಕಡತಗಳನ್ನು ಹೊರಗಿಡಿ. ರೀಡ್‌ಮಿ ಬರೆದಾದ ಮೇಲೆ, ಯೋಜನೆಗೆ ಸಂಬಂಧವೇ ಇಲ್ಲದ ಸಹಪಾಠಿಯೊಬ್ಬರಿಗೆ ಕೊಟ್ಟು ಅವರ ಕಂಪ್ಯೂಟರಿನಲ್ಲಿ ತಂತ್ರಾಂಶವನ್ನು ನಡೆಸಲು ಹೇಳಿ, ನೀವು ಪಕ್ಕದಲ್ಲಿ ಬಾಯಿ ಬಿಡದೆ ಕುಳಿತುಕೊಳ್ಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ರೀಡ್‌ಮಿಗೆ ಇನ್ನೊಂದು ಸಾಲು ಸೇರಬೇಕಾಗಿದೆ.