ಐದು ಊರುಗಳ ಐವತ್ತು ಮನೆಗಳು ಐವತ್ತು ಮಾದರಿಗಳಾಗುವುದಿಲ್ಲ
ಐದು ಊರುಗಳಲ್ಲಿ ತರಬೇತಿ ನಡೆಸಿ, ಊರಿಗೆ ಹತ್ತು ಮನೆಗಳಂತೆ ತರಬೇತಿಯ ಮೊದಲಿನ ಮತ್ತು ನಂತರದ ಲೆಕ್ಕ ತೆಗೆದಿದ್ದೀರಿ. ಮೂವತ್ತು ದಾಟದ ಮಾದರಿಗೆ ಪರೀಕ್ಷೆಯೇ ಸಲ್ಲದೆಂದು ನಂಬಿ, ನಿಮ್ಮದು ಮೂವತ್ತನ್ನು ದಾಟಿದ್ದರಿಂದ ದೊಡ್ಡ ಮಾದರಿಗಳಿಗೆ ಬಳಸುವ ಝಡ್ ಪರೀಕ್ಷೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ನಿಮ್ಮ ಮಾದರಿಯ ಗಾತ್ರ ಐವತ್ತಲ್ಲ, ಐದು.

ಧಾರವಾಡದಲ್ಲಿ ಕೃಷಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಗ ಕುಂದಗೋಳ, ಸವಣೂರು ಕಡೆಯ ಆರು ರೈತರ ಬ್ಯಾಡಗಿ ಮೆಣಸಿನಕಾಯಿ ಹೊಲಗಳಲ್ಲಿ ನಾನು ಪ್ರಯೋಗ ಮಾಡಿದ್ದೆ. ಪ್ರತಿ ಹೊಲದ ಅರ್ಧಕ್ಕೆ ಲಘು ಪೋಷಕಾಂಶ ಸಿಂಪಡಿಸಿ, ಉಳಿದರ್ಧವನ್ನು ಹಾಗೆಯೇ ಬಿಟ್ಟು, ಎರಡೂ ಕಡೆ ಹತ್ತು ಹತ್ತು ಗಿಡಗಳ ಒಣ ಕಾಯಿಯನ್ನು ತೂಗಿದ್ದೆ. ಸಿಂಪಡಿಸಿದ ಗಿಡ ಅರವತ್ತು, ಸಿಂಪಡಿಸದ ಗಿಡ ಅರವತ್ತು ಎಂದು ಎಣಿಸಿ ಝಡ್ ಪರೀಕ್ಷೆಯ ಸಂಖ್ಯೆಯಾದ 1.96ರಿಂದ ಲೆಕ್ಕ ಹಾಕಿದೆ. ಪಿ ಮೌಲ್ಯ, ಅಂದರೆ ಪರಿಣಾಮವೇ ಇಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ, ರೂಢಿಯ ಮಿತಿಯಾದ 0.05ಕ್ಕಿಂತ ಕೆಳಗೆ ಬಂದಿತು. ಸಿಂಪರಣೆಯಿಂದ ಲಾಭ ಖಚಿತವೆಂದು ರೈತರಿಗೆ ಹೇಳಿದೆ. ಅವರಲ್ಲಿ ಕೆಲವರು ಮರುವರ್ಷ ಕೈಯಿಂದ ಹಣ ಹಾಕಿ ಇಡೀ ಹೊಲಕ್ಕೆ ಸಿಂಪಡಿಸಿದರು, ಇಳುವರಿ ಏರಲಿಲ್ಲ. ಅಷ್ಟರಲ್ಲಿ ಪರೀಕ್ಷಕರು ಪ್ರಬಂಧವನ್ನೂ ಹಿಂದಿರುಗಿಸಿದ್ದರು.

ತಪ್ಪು ಎಲ್ಲಿತ್ತೆಂಬುದನ್ನು ವಿವರವಾಗಿಯೇ ಹೇಳಬೇಕು. ಒಂದೇ ಹೊಲದ ಹತ್ತು ಗಿಡಗಳು ಒಂದೇ ಎರೆ ಮಣ್ಣಿನಲ್ಲಿ, ಒಂದೇ ಮಳೆಗೆ, ಒಂದೇ ಬೀಜದಿಂದ ಬೆಳೆದವು. ಒಬ್ಬನೇ ರೈತ ಅವುಗಳ ನಡುವೆ ಎಡೆ ಹೊಡೆದಿದ್ದಾನೆ. ಎಲೆ ಮುಟುರು ರೋಗ ಬಂದರೆ ಅಕ್ಕಪಕ್ಕದ ಗಿಡಗಳಿಗೂ ಬರುತ್ತದೆ. ಹನ್ನೊಂದನೆಯ ಗಿಡವನ್ನು ತೂಗಿದರೆ ಆ ಹೊಲದ ಬಗ್ಗೆ ತುಸು ಹೆಚ್ಚು ತಿಳಿಯುತ್ತದೆಯೇ ಹೊರತು, ಸಿಂಪರಣೆ ಬೇರೆ ಹೊಲದಲ್ಲಿ ಏನು ಮಾಡೀತೆಂಬುದು ತಿಳಿಯುವುದಿಲ್ಲ. ನಾನು ಸಿಂಪರಣೆಯನ್ನು ಪರೀಕ್ಷಿಸಿದ್ದು ಆರು ಬಾರಿ, ಅರವತ್ತು ಬಾರಿಯಲ್ಲ. ಗಿಡಗಳು ಪರಸ್ಪರ ಸ್ವತಂತ್ರವೆಂದು ಸೂತ್ರಕ್ಕೆ ಸುಳ್ಳು ಹೇಳಿದ್ದರಿಂದ ಸರಾಸರಿ ಎಷ್ಟು ಅನಿಶ್ಚಿತವೆಂದು ತೋರಿಸುವ ಸ್ಟ್ಯಾಂಡರ್ಡ್ ಎರರ್ ಕುಗ್ಗಿತು, ಇಲ್ಲದ ಖಚಿತತೆ ಹುಟ್ಟಿತು.

ಪ್ರತಿ ಹೊಲಕ್ಕೆ ಒಂದೇ ಸಂಖ್ಯೆ, ಅಂದರೆ ಎರಡು ಅರ್ಧಗಳ ಸರಾಸರಿಗಳ ವ್ಯತ್ಯಾಸವನ್ನು ಉಳಿಸಿಕೊಂಡಾಗ ಗಿಡವೊಂದಕ್ಕೆ 12, -4, 20, -2, 9, 13 ಗ್ರಾಂ ಎಂದಾಯಿತು. ಸರಾಸರಿ 8, ಏರಿಳಿತದ ಅಳತೆಯಾದ ಮಾನಕ ವಿಚಲನೆ 9.27, ಸ್ಟ್ಯಾಂಡರ್ಡ್ ಎರರ್ 3.79. ಆರು ವ್ಯತ್ಯಾಸಗಳಿಗೆ ಒಂದು ಕಡಿಮೆ, ಅಂದರೆ ಐದು ಡಿಗ್ರಿ ಆಫ್ ಫ್ರೀಡಮ್; ಸಣ್ಣ ಮಾದರಿಗೆ 1.96ರ ಬದಲು ಬಳಸಬೇಕಾದ ಸಂಖ್ಯೆ ಟಿ ಕೋಷ್ಟಕದಲ್ಲಿ 2.571. ಹಾಗಾಗಿ ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ, -1.7ರಿಂದ 17.7 ಗ್ರಾಂವರೆಗೆ ಹರಡುತ್ತದೆ; ಲಾಭವೇ ಇಲ್ಲವೆಂಬ ಸೊನ್ನೆಯೂ ಅದರೊಳಗಿದೆ. ಇಲ್ಲಿಯೂ 1.96ನ್ನೇ ಬಳಸಿದ್ದರೆ ಅದು 0.6ರಿಂದ 15.4 ಆಗಿ, ಸೊನ್ನೆ ಹೊರಗುಳಿದು, ಮತ್ತೆ ಮೋಸ ಹೋಗುತ್ತಿದ್ದೆ.

ಮೂವತ್ತು ದಾಟದಿದ್ದರೆ ಪರೀಕ್ಷೆಯೇ ಸಲ್ಲದೆಂಬ ನಿಮ್ಮ ನಂಬಿಕೆಯನ್ನೂ ನಾನು ಒಪ್ಪುವುದಿಲ್ಲ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ ಟಿ ವಿಧಾನ ಹುಟ್ಟಿದ್ದೇ ಇಂತಹ ಸಣ್ಣ ಮಾದರಿಗಳಿಗಾಗಿ. ವ್ಯತ್ಯಾಸಗಳು ವಿಪರೀತ ಓರೆಯಾಗಿ ಹರಡಿರಬಾರದು, ಒಂದು ಊರು ಉಳಿದವುಗಳಿಂದ ತೀರ ದೂರವಿರಬಾರದು. ಅದನ್ನು ಐದೂ ಅಂಕಿಗಳನ್ನು ಕಾಗದದ ಮೇಲೆ ಗುರುತಿಸಿ ಕಣ್ಣಾರೆ ನೋಡಿ. ಟಿ ಬೇಡವೆಂದು, ವ್ಯತ್ಯಾಸಗಳ ದಿಕ್ಕು ಮತ್ತು ಕ್ರಮಾಂಕವನ್ನಷ್ಟೇ ನೋಡುವ ವಿಲ್ಕಾಕ್ಸನ್ ಪರೀಕ್ಷೆಗೆ ಹೋದರೆ, ಐದೂ ಊರುಗಳು ಒಂದೇ ದಿಕ್ಕಿಗೆ ಸರಿದಿದ್ದರೂ ಎರಡು ಬದಿಯ ಪಿ ಮೌಲ್ಯ 0.0625ಕ್ಕಿಂತ ಕೆಳಗಿಳಿಯಲಾರದು.

ಪಿ ಮೌಲ್ಯದ ಹಿಂದೆ ಬೀಳದೆ ಊರಿಗೊಂದರಂತೆ ಐದು ವ್ಯತ್ಯಾಸಗಳನ್ನೂ ಇಂಟರ್ವಲ್ಲನ್ನೂ ಹಾಗೆಯೇ ಬರೆಯಿರಿ. ನಿಮಗೆ ನಾಲ್ಕು ಡಿಗ್ರಿ, ಕೋಷ್ಟಕದ ಸಂಖ್ಯೆ 2.776. ಇಂಟರ್ವಲ್ ಸೊನ್ನೆಯನ್ನು ಒಳಗೊಂಡರೆ ತರಬೇತಿ ವಿಫಲವೆಂದು ಬರೆಯಬೇಡಿ, ಈ ಮಾದರಿಯಿಂದ ತೀರ್ಮಾನಿಸಲಾಗದು ಎಂದು ಬರೆಯಿರಿ. ಇನ್ನೊಂದು ಸುತ್ತಿಗೆ ಹಣ ಸಿಕ್ಕರೆ ಅದೇ ಊರುಗಳಲ್ಲಿ ಮನೆಗಳನ್ನು ಹೆಚ್ಚಿಸದೆ ಹೊಸ ಊರುಗಳಿಗೆ ಹೋಗಿ, ಸಾಧ್ಯವಾದರೆ ತರಬೇತಿ ಇಲ್ಲದ ಕೆಲವು ಊರುಗಳನ್ನೂ ಸೇರಿಸಿ. ನನ್ನ ಹೊಲಗಳು ಅದೇ ಏರಿಳಿತದೊಂದಿಗೆ ಹನ್ನೆರಡಾಗಿದ್ದರೆ, ಸರಾಸರಿಯ ಎರಡೂ ಬದಿಗೆ 9.7 ಗ್ರಾಂ ಇದ್ದ ಅನಿಶ್ಚಿತತೆ 5.9ಕ್ಕೆ ಇಳಿಯುತ್ತಿತ್ತು.